ಸೈರನ್ ಗುಂಡಿಯ ಮೇಲಿದ್ದ ಬೆರಳು

ಲಿಂಡನ್ ಪ್ರೇರಿ, ಇಲಿನಾಯ್
೮ ಮೇ ೨೦೧೨

ಪ್ರೀತಿಯ ಅಣ್ಣ ಲೋವೆಲ್,

ನಿನ್ನ ಮಂಡಿನೋವು ಅರಿಜೋನಾದ ಬಿಸಿಲಿಗೆ ಇಳಿದಿರಬಹುದು ಎಂದುಕೊಂಡಿದ್ದೇನೆ. ಅತ್ತಿಗೆ ಕ್ಷೇಮವೇ?

ಕಳೆದ ಶನಿವಾರ ಈ ಊರು ಅಮ್ಮನಿಗೆ ಎರಡನೇ ಸಲ ಅನ್ಯಾಯ ಮಾಡಿತು. ಹಳೆಯ ಟ್ರಾಲಿ ನಿಲ್ದಾಣದ ಪಕ್ಕದ ಸೈರನ್ ಕಂಬಕ್ಕೆ ಕಂಚಿನ ಫಲಕ ಹಾಕಿದ್ದಾರೆ. ಅರವತ್ತೆರಡರ ಸುಂಟರಗಾಳಿಯಲ್ಲಿ ಸೈರನ್ ಮೊಳಗಿಸಿ ಶಾಲೆಯ ಮಕ್ಕಳನ್ನು ಉಳಿಸಿದವನು ಅಗ್ನಿಶಾಮಕ ದಳದ ಮುಖ್ಯಸ್ಥ ಆರ್ವಿಲ್ ಬ್ರಾಂಟ್ ಅಂತೆ. ಹೆಡ್ವಿಗ್ ಟಿಶ್ಲರ್ ಎಂಬ ಅಮ್ಮನ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಆ ದಿನ ಮೇ ತಿಂಗಳ ಮೊದಲ ಮಂಗಳವಾರ. ಪ್ರತಿ ತಿಂಗಳಂತೆ ಹತ್ತು ಗಂಟೆಗೆ ಅಮ್ಮ ಊರ ಕಚೇರಿಯಲ್ಲಿ ಗುಂಡಿ ಒತ್ತಿ, ಒಂದು ನಿಮಿಷ ಸೈರನ್ ಪರೀಕ್ಷೆ ಮುಗಿಸಿದ್ದಳು. ಹನ್ನೆರಡು ನಿಮಿಷದ ಮೇಲೆ ಕಿಟಕಿಯಲ್ಲಿ ಜೋಳದ ಹೊಲದಾಚೆ ಹಸಿರು ಬಣ್ಣಕ್ಕೆ ತಿರುಗಿದ ಆಕಾಶ ಕಂಡಿತು, ಸುಂಟರಗಾಳಿಯ ಗುರುತು. ಮತ್ತೆ ಒತ್ತಿದಳು. ಊರಿನವರು ಅಲುಗಲಿಲ್ಲ, ಪರೀಕ್ಷೆಯ ಮಂಗಳವಾರವಲ್ಲವೇ. ಹಲ್ಲುನೋವೆಂದು ಶಾಲೆ ತಪ್ಪಿಸಿ ನೀನು ಕೂತಿದ್ದ ಬೇಕರಿಯಲ್ಲೇ ಬ್ರಾಂಟ್ ಕಾಫಿ ಕುಡಿಯುತ್ತಿದ್ದ. "ಹೆಡ್ವಿಗ್‌ಗೆ ಇವತ್ತು ಬೇರೆ ಕೆಲ್ಸ ಇಲ್ಲ ಅಂತ ಕಾಣುತ್ತೆ, ಇನ್ನೊಂದು ಡೋನಟ್ ಕೊಡಮ್ಮ" ಅಂದನಂತೆ. ಅವನ ದನಿಯನ್ನೇ ಅನುಕರಿಸಿ ನಮಗೆ ಹೇಳಿ ನಗಿಸಿದವನು ನೀನು.

ಅಮ್ಮ ಬೆರಳು ತೆಗೆಯಲಿಲ್ಲ. ಒಂದು ನಿಮಿಷ ಮೀರಿದರೆ ಅದು ಪರೀಕ್ಷೆಯಲ್ಲ ಎಂದು ಮೊದಲು ಹೊಳೆದದ್ದು ನಮ್ಮ ಟೀಚರಿಗೆ. ನಾವೆಲ್ಲ ನೆಲಮಾಳಿಗೆಗೆ ಇಳಿದ ಮೇಲೆ ಶಾಲೆಯ ಚಾವಣಿ ಹಾರಿಹೋಯಿತು. ಆಮೇಲೆ ಊರು ಕೊಟ್ಟ ಬಹುಮಾನ ನಿನಗೆ ಗೊತ್ತು: ಮುಖ್ಯಸ್ಥನ ಅಪ್ಪಣೆಯಿಲ್ಲದೆ ಸೈರನ್ ಒತ್ತಿದಳೆಂದು ಕೆಲಸದಿಂದ ತೆಗೆದರು. ಆ ವಜಾ ಪತ್ರವನ್ನು ಅಮ್ಮ ಸಾಯುವವರೆಗೂ ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದಳು. ಫಲಕದ ಮೇಲಿನ ಬಟ್ಟೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ನಿಂತಿದ್ದೆ.

ಅತ್ತಿಗೆಯ ಮೇಲೆ ನನಗೆ ಕೋಪವಿಲ್ಲ. ಬ್ರಾಂಟನ ಮಗಳಾಗಿ ಹುಟ್ಟಿದ್ದು ಅವಳ ತಪ್ಪಲ್ಲ. ಅವಳಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ತಂಗಿ,
ವರ್ನಾ

ಮತ್ತೆ ಸೇರಿಸಿದ್ದು: ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ಇತಿಹಾಸ ಸಮಿತಿಯ ಮಾರ್ಲಿಸ್‌ಳನ್ನು ತಡೆದು ಕೇಳಿದೆ, ಫಲಕದಲ್ಲಿರುವ ಕಥೆಯನ್ನು ಯಾರು ಹೇಳಿದ್ದೆಂದು. "ನಿಮ್ಮಣ್ಣನೇ ಕಣೇ, ಫೋನಲ್ಲಿ. ನಾನೇ ಬರ್ಕೊಂಡೆ" ಅಂದಳು. ನನಗೆ ಉತ್ತರ ಬರೆಯಬೇಡ, ಲೋವೆಲ್. ಇಪ್ಪತ್ತೊಂದರ ಸೋಮವಾರ ಸಂಜೆ ಏಳಕ್ಕೆ ಊರ ಸಭೆ ಇದೆ. ಬರಲಾಗದಿದ್ದರೆ ಸಭೆಗೇ ಬರೆದು ಕಳಿಸು, ಮಾರ್ಲಿಸ್ ಗಟ್ಟಿಯಾಗಿ ಓದಲಿ. ಆ ಬೆಳಿಗ್ಗೆ ಹತ್ತೂಕಾಲಿಗೆ ನಿನ್ನ ಮಾವ ಎಲ್ಲಿ ಕೂತಿದ್ದ? ಎಲ್ಲರ ಮುಂದೆ ಹೇಳು.