ಮುಚ್ಚಬಾರದಿದ್ದ ತೂತುಗಳು

ದಾಮೋದರಣ್ಣ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಕೆಸರಾದ ಸೀರೆ ಬದಲಿಸಲೂ ತೋಚದೆ ಬರೆಯಲು ಕೂತಿದ್ದೇನೆ.

ಕುಮಟಾದ ಗುಡ್ಡದಂಚಿಗೆ ನೀನು ಕಟ್ಟಿಕೊಟ್ಟ ಮನೆಯ ನೆಲಮಾಳಿಗೆಯನ್ನು ಟ್ಯೂಶನ್ ಕೋಣೆ ಮಾಡೋಣವೆಂದಿದ್ದೆ. ಎಲ್ಲಿ ಟೈಲ್ಸ್, ಎಲ್ಲಿ ಕರಿಹಲಗೆ ಎಂದು ಚೀಟಿ ಬರೆದುಕೊಂಡು, ಇವತ್ತು ಬೆಳಿಗ್ಗೆ ಗಾರೆ ಕೆಲಸದ ಹೊನ್ನಪ್ಪನನ್ನು ಕರೆಸಿದೆ. ಅವನು ಗುಡ್ಡದ ಕಡೆಯ ಚೀರೆಕಲ್ಲಿನ ಗೋಡೆಗೆ ದಾರ ಹಿಡಿದ. ಗೋಡೆ ನಡುವೆ ನಾಲ್ಕು ಬೆರಳು ಉಬ್ಬಿತ್ತು. ಅವನು ಸಿಮೆಂಟ್ ಮೆತ್ತಿದ ಜಾಗಗಳನ್ನು ತಟ್ಟಿ ನೋಡಿದ.

“ಅಕ್ಕೋರೆ, ಈ ತೂತು ಯಾರು ಮುಚ್ಚಿದ್ರು?”

“ನಾನೇ ಮುಚ್ಚಿಸಿದೆ. ಎಂತಕ್ಕೆ?”

“ಎಂತ ಮಾಡ್ಬಿಟ್ರಿ! ಗುಡ್ಡದ ನೀರು ಇದ್ರಿಂದ್ಲೇ ಗೋಡೆ ಬುಡದ ಗಟಾರಕ್ಕೆ ಹೋಗ್ಬೇಕು. ಈಗ ಎಲ್ಲ ಗೋಡೆ ಹಿಂದೆ ನಿಂತದೆ. ಇನ್ನೊಂದು ಮಳೆಗಾಲ ತಡೀತಿರ್ಲಿಲ್ಲ.”

ಉಳಿ ಹಿಡಿದು ಒಂದು ತೂತು ಬಿಡಿಸಿದ. ಕೆಂಪು ನೀರು ನನ್ನ ಎದೆಯವರೆಗೆ ಚಿಮ್ಮಿತು.

ಗೃಹಪ್ರವೇಶದ ದಿನ ಅದೇ ತೂತುಗಳನ್ನು ನೆಂಟರಿಗೆಲ್ಲ ತೋರಿಸಿ, “ಸ್ವಂತ ಅಣ್ಣನೇ ಅರೆಬರೆ ಕೆಲಸ ಮಾಡಿಟ್ಟ” ಎಂದಿದ್ದೆ. “ಅದ್ನ ಮುಚ್ಬೇಡ ತಂಗಿ” ಎಂದಷ್ಟೇ ಹೇಳಿ, ಬಡಿಸಿದ ಎಲೆ ಬಿಟ್ಟು ನೀನು ಎದ್ದೆ. ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ನಾನೂ ಕರೆಯಲಿಲ್ಲ.

ಹೊನ್ನಪ್ಪ ಕೈ ಒರೆಸಿಕೊಂಡು, “ಕಟ್ಟಿದವ್ರು ಕೆಲಸ ಬಲ್ಲವ್ರು. ಅವ್ರನ್ನೇ ಒಂದ್ಸಲ ಕರೀರಿ, ಮುಂದೆ ಎಂತ ಮಾಡೂದು ಕೇಳ್ವ” ಅಂದ.

ಊರಲ್ಲಿಲ್ಲ ಅಂದೆ.