ಕೂಟದಲ್ಲಿ ಇಟ್ಟ ಪ್ರಾರ್ಥನೆ

ಸೋಮವಾರ, ಮಧ್ಯಾಹ್ನ

ನನ್ನ ಸಣ್ಣಿಗೆ,

ಅಮ್ಮ ಬರೆಯುವುದು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಊಟ ಮಾಡುತ್ತಿದ್ದೀಯಾ? ರಾತ್ರಿ ಚಿಲಕ ಹಾಕಿಕೊಳ್ಳುತ್ತೀಯಾ? ಕೇಳುವ ಮುಖ ನನಗಿಲ್ಲ, ಆದರೂ ಕೈ ಮೊದಲು ಅದನ್ನೇ ಬರೆಯಿತು.

ಬಾಯಿ ಬಿಟ್ಟವರು ಯಾರು ಅಂತ ಅಮ್ಮನನ್ನು ಕೇಳು ಅಂದೆಯಂತೆ ನಿನ್ನಕ್ಕನ ಹತ್ತಿರ. ನನಗೇನು ಗೊತ್ತು ಅಂದೆ ಅವಳಿಗೆ. ಗೊತ್ತಮ್ಮ. ನಾನೇ.

ನಮ್ಮ ಮನೆಯವರು ಜಗಳವಾಡಿ ಅವರಕ್ಕನ ಮನೆ ಸೇರಿದ್ದಾರೆ, ಶನಿವಾರ ಬರ್ತೀನಿ ಅಂದಿದ್ದಾರೆ, ಅಲ್ಲಿವರೆಗೆ ಯಾರಿಗೂ ಹೇಳಬೇಡ ಅಂದಿದ್ದೆ ನೀನು. ಹೂಂ ಅಂದೆ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಬರದಿದ್ದರೆ ಏನು ಗತಿ ಅಂತ ಒಂದೇ ಸಮ ದಿಗಿಲು. ಬುಧವಾರ ಹೆಂಗಸರ ಕೂಟದಲ್ಲಿ ಪಾಸ್ಟರಮ್ಮ, ಯಾರಿಗಾದರೂ ಪ್ರಾರ್ಥನೆ ವಿಷಯ ಇದೆಯಾ ಅಂದರು. ಒಬ್ಬಳ ಸಂಸಾರಕ್ಕಾಗಿ ಅಂದೆ. ನಿನ್ನ ಹೆಸರು ಹೇಳಲಿಲ್ಲ. ಆಣೆ ಇಡಬೇಡಿ ಅಂತ ಯೇಸುಸ್ವಾಮಿ ಹೇಳಿದ್ದಾರೆ, ಹಾಗಾಗಿ ಇಡುವುದಿಲ್ಲ. ಇಟ್ಟರೆ ಸುಳ್ಳಾಗುತ್ತದೆ. ಯಾರ ಸಂಸಾರ ಅಂತ ಕೇಳಿದರು, ಅಳುತ್ತಾ ಎಲ್ಲಾ ಹೇಳಿದೆ. ಅಳಿಯ ತಟ್ಟೆ ಎಸೆದದ್ದನ್ನೂ.

ಶುಕ್ರವಾರ ನಮ್ಮ ಕೂಟದ ಟೈಲರಮ್ಮ ಅಳಿಯ ಕೆಲಸ ಮಾಡುವ ಬೇಕರಿಗೆ ಹೋಗಿ, ಗಿರಾಕಿಗಳ ಮುಂದೆ ಅವನ ಹಿಟ್ಟಿನ ಕೈ ಹಿಡಿದು, ಹೆಂಡತಿಯನ್ನು ಬಿಡಬೇಡಪ್ಪ, ನಾವೆಲ್ಲ ಉಪವಾಸ ಹಿಡಿದಿದ್ದೀವಿ ಅಂದಳಂತೆ. ಅವನು ಏಪ್ರನ್ ಬಿಚ್ಚಿಟ್ಟು ಹೋದವನು ಶನಿವಾರವೂ ಬರಲಿಲ್ಲ. ಅವಳನ್ನು ಬೈದು ಏನು ಬಂತು? ಅವಳು ಊದಿದಳು, ಕೆಂಡ ಕೊಟ್ಟವಳು ನಾನು.

ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೋ, ಮರೆಯಲ್ಲಿರುವುದನ್ನು ತಂದೆ ನೋಡುತ್ತಾನೆ ಅಂತ ಸ್ವಾಮಿ ಹೇಳಿದ್ದನ್ನು ನಿಮಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಒಂದೇ ರೂಮಿನ ಮನೆ, ಯಾವ ಕೋಣೆ ಅಂತ ನಗುತ್ತಿದ್ದೆ. ನಿನ್ನೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಕೆಟ್ ಪಕ್ಕ ನಿಂತೆ. ಕೂಟದಲ್ಲಿ ನಲ್ಲಿ ಬಿಟ್ಟ ಹಾಗೆ ಸುರಿಯುವ ನನ್ನ ಬಾಯಿಗೆ ಎರಡು ಮಾತಾಗುವಷ್ಟರಲ್ಲಿ ಬೇರೇನೂ ಹೊಳೆಯಲಿಲ್ಲ. ಕೇಳುವವರು ಯಾರೂ ಇಲ್ಲವಲ್ಲ! ಇಷ್ಟು ವರ್ಷ ನಾನು ಯಾರಿಗೆ ಕೇಳಿಸಲಿ ಅಂತ ಪ್ರಾರ್ಥಿಸುತ್ತಿದ್ದೆ ಅಂತ ಆಗ ಗೊತ್ತಾಯಿತು. ನಾಚಿಕೆಯಿಂದ ಹೊರಗೆ ಬರುವುದಕ್ಕೇ ಆಗಲಿಲ್ಲ. ಪಕ್ಕದ ಮನೆಯವಳು ಬಂದು, ಬಿದ್ದಿರಾ ಅಂತ ಬಾಗಿಲು ಬಡಿದಳು.

ಅಲ್ಲಿಂದ ನೇರ ಅಳಿಯನ ಅಕ್ಕನ ಮನೆಗೆ ಹೋದೆ. ಒಬ್ಬಳೇ. ಅವನು ಒಳಗೆ ಬನ್ನಿ ಅನ್ನಲಿಲ್ಲ, ಮೆಟ್ಟಿಲ ಮೇಲೇ ನಿಂತು ಹೇಳಿದೆ, ಅವಳು ಯಾರಿಗೂ ಹೇಳಿಲ್ಲಪ್ಪ, ಊರಿಗೆಲ್ಲ ಸಾರಿದವಳು ನಾನು ಅಂತ. ನಮಗಾಗಿ ಪ್ರಾರ್ಥನೆ ಮಾಡಬೇಡಿ ಅತ್ತೆ, ಸುಮ್ಮನಿರಿ ಸಾಕು ಅಂದ. ನೀನು ಹೇಗಿದ್ದೀಯ ಅಂತ ಮಾತ್ರ ಕೇಳಿದ. ಗೊತ್ತಿಲ್ಲಪ್ಪ, ನನ್ನ ಹತ್ತಿರ ಮಾತಾಡುತ್ತಿಲ್ಲ ಅಂದೆ. ಬರುತ್ತಾನೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ.

ಕ್ಷಮಿಸು ಅಂತ ಅವಸರ ಮಾಡುವುದಿಲ್ಲ. ನಾಳೆ ನಿನಗೊಂದು ನೋವಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ, ಅದೊಂದೇ ನನ್ನನ್ನು ತಿನ್ನುತ್ತಿದೆ.

ನಿನ್ನ ಬಾಯಿಬಡುಕಿ
ಅಮ್ಮ

ಇನ್ನೊಂದು ಮಾತು. ಗಾಬರಿಯಿಂದ ಹೇಳಿಬಿಟ್ಟೆ ಅನ್ನುವ ಹಾಗೆ ಬರೆದಿದ್ದೇನೆ. ಅದು ಅರ್ಧ ನಿಜ. ಅವತ್ತು ನಾನು ಅತ್ತಾಗ ಎಲ್ಲರೂ ಸುತ್ತ ಬಂದು ಬೆನ್ನು ಸವರಿದರು. ನಿಮ್ಮಪ್ಪ ಹೋದಮೇಲೆ ಹಾಗೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಹಿತವಾಗಿತ್ತು ಸಣ್ಣಿ. ಕೈ ತೆಗೆಯದಿರಲಿ ಅಂತಲೇ ತಟ್ಟೆಯ ವಿಷಯ ಹೇಳಿದ್ದು.