ಉಡಿಗೆ ಬಿದ್ದ ಷೇರು

ರಾಯಚೂರು

ಪೂಜ್ಯ ಅಪ್ಪಾಜಿಯವರಿಗೆ ವಿಜಯಲಕ್ಷ್ಮಿಯ ಶರಣು.

ನಿನ್ನೆ ಷೇರುದಾರರ ಸಭೆಗೆ ನೀವು ಬರಲಿಲ್ಲ. ಅಲ್ಲಿ ನಿಮ್ಮನ್ನು ಕಂಪನಿಯ ಆಡಳಿತದಿಂದ ತೆಗೆದೆವು.

ನನ್ನ ಮದುವೆಯಲ್ಲಿ ಮಾನ್ವಿಯ ಗದ್ದೆಯನ್ನು ಅಣ್ಣ ಕೊಟ್ರೇಶನಿಗೆ ಉಳಿಸಿ, ನನ್ನ ಉಡಿಗೆ ನಮ್ಮ ಅಕ್ಕಿ ಕಂಪನಿಯ ಷೇರು ಹಾಕಿದಿರಿ. ಆಗ ಅವಕ್ಕೆ ಬೆಲೆಯೇ ಇರಲಿಲ್ಲ. ಹೋದ ವರ್ಷ ಹಮಾಲರ ಬೋನಸ್ ನಿಲ್ಲಿಸಿ, ಆ ದುಡ್ಡಿನಲ್ಲಿ ಕಂಪನಿಯೇ ತನ್ನ ಷೇರುಗಳನ್ನು ದುಬಾರಿ ಬೆಲೆಗೆ ಮರಳಿ ಕೊಳ್ಳುವಂತೆ ಮಾಡಿದಿರಿ. ನೀವೂ ಅಣ್ಣನೂ ಬೇಕಾದಷ್ಟು ಮಾರಿ ದೇವದುರ್ಗದಲ್ಲಿ ಬಂಗಲೆ ಎಬ್ಬಿಸಿದಿರಿ. ನಾನೂ ಮಾರಲೇ ಎಂದು ಕೇಳಿದ್ದಕ್ಕೆ, "ನಿನಗ್ಯಾಕ ಬೇ ಈ ಉಸಾಬರಿ? ಸುಮ್ನ ಇಟ್ಕೊಂಡು ಕುಂದ್ರು" ಎಂದಿರಿ.

ಇಟ್ಟುಕೊಂಡು ಕೂತೆ. ಕಂಪನಿ ಕೊಂಡ ಷೇರುಗಳೆಲ್ಲ ರದ್ದಾಗಿ, ಉಳಿದವುಗಳಲ್ಲಿ ನನ್ನ ಪಾಲೇ ದೊಡ್ಡದಾಯಿತು. ಸಂಬಳ ಏರಿಸುವ ಬದಲು ಮ್ಯಾನೇಜರುಗಳಿಗೆ ನೀವು ಅಗ್ಗಕ್ಕೆ ಕೊಟ್ಟ ಷೇರುಗಳಿದ್ದವಲ್ಲ, ಆ ಮತಗಳೂ ನನಗೇ ಬಿದ್ದವು.

ಕಂಪನಿ ಕಾರಿನ ಚಾವಿ ಕೊಟ್ಟು ಕಳಿಸಿ. ನನಗೆ ಎಂದೂ ಮುಟ್ಟಗೊಡದ ಆಫೀಸಿನ ಗಾದಿಯನ್ನು ನಿಮ್ಮ ಮನೆಗೆ ಕಳಿಸುತ್ತಿದ್ದೇನೆ, ಬೆನ್ನುನೋವಿಗೆ ಆದೀತು.

ಸುದ್ದಿ ಕೇಳಿ ಹಮಾಲರು ಸಕ್ಕರೆ ಹಂಚಿದರಂತೆ. ಕವಿತಾಳದ ಮುದುಕ ಬೂದೆಪ್ಪ ಬಂದು, "ಯವ್ವಾ, ಈ ಸಲ ಬೋನಸ್ ಬರ್ತದಲ್ರೀ?" ಎಂದು ಕೈಮುಗಿದ. ಬರುವುದಿಲ್ಲ ಎಂದೆ. ಆ ದುಡ್ಡಿನಲ್ಲಿ ಕಂಪನಿ ಮತ್ತೆ ಷೇರು ಕೊಳ್ಳಲಿದೆ. ಬಂಗಲೆಯ ಮೇಲ್ಮಹಡಿ ಇನ್ನೂ ಆಗಬೇಕಲ್ಲ, ನೀವು ನಿಮ್ಮಲ್ಲಿ ಉಳಿದ ಷೇರುಗಳನ್ನೂ ಮಾರುತ್ತೀರಿ.

ನಾನು ಮಾತ್ರ ನೀವು ಹೇಳಿದಂತೆ ಸುಮ್ಮನೆ ಇಟ್ಟುಕೊಂಡು ಕೂರುತ್ತೇನೆ.

ನಿಮ್ಮ ಮಗಳು,
ವಿಜಯಲಕ್ಷ್ಮಿ